ಭರಣಿಯೊಳಗಿನ ಕತ್ತಲೆ

ಭರಣಿಯ ಮುಚ್ಚಳ ತೆಗೆಸಿ, ಬೆಳಕಿನಲ್ಲಿ ಒಳಗೆ ಇಣುಕಿ, "ಎಲ್ಲೈತಿ ಕತ್ತಲಿ? ನನಗೇನೂ ಕಾಣವಲ್ದು" ಎಂದು ಕೇಳಿದ ಮನುಷ್ಯನ ಬಗ್ಗೆ ಸಮಾಧಾನದಿಂದ ಮಾತಾಡು ಎಂದರೆ ನನ್ನಿಂದ ಆಗುವುದಿಲ್ಲ. ಆ ಮನುಷ್ಯ ನಮ್ಮೂರ ಕಮಿಟಿಯ ಚೇರ್ಮನ್ ರಾಚೋಟೆಪ್ಪ. ಮುಚ್ಚಳ ತೆಗೆದುಕೊಟ್ಟವನು ನಾನು, ಹುಚ್ಚೀರಪ್ಪ. ನನ್ನ ಸಿಟ್ಟು ಇಬ್ಬರ ಮೇಲೂ ಇದೆ. ಯಾರ ಮೇಲೆ ಹೆಚ್ಚು ಎಂಬುದನ್ನು ಪೂರ್ತಿ ಕೇಳಿ ನೀವೇ ತೂಗಿಕೊಳ್ಳಿ.

ನಮ್ಮೂರಲ್ಲಿ ಕತ್ತಲಾಗುವುದಿಲ್ಲ. ಮಂಚದ ಕೆಳಗೆ, ಬಾವಿಯ ತಳದಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ, ಸತ್ತವರಿಗೆ ತೋಡಿದ ಗುಂಡಿಯಲ್ಲಿ, ಎಲ್ಲ ಕಡೆಯೂ ಒಂದೇ ಸಮ ಬೆಳಕು. ಬೇರೆ ಊರಿನಿಂದ ಬಂದ ಸೊಸೆಯಂದಿರು ಮೊದಲ ವಾರ ಅಳುತ್ತಾರೆ, ಆಮೇಲೆ ಸೆರಗನ್ನು ನಾಲ್ಕು ಮಡಿಕೆ ಮಾಡಿ ಕಣ್ಣಿಗೆ ಕಟ್ಟಿಕೊಂಡು ಮಲಗುವುದನ್ನು ಕಲಿಯುತ್ತಾರೆ. ಊರಲ್ಲಿ ಉಳಿದಿರುವ ಕತ್ತಲೆ ಎಂದರೆ ನಮ್ಮ ಮುತ್ತಜ್ಜಿಯರು ಮಣ್ಣಿನ ಭರಣಿಗಳಲ್ಲಿ ಹಿಡಿದಿಟ್ಟು ಹೋದದ್ದು ಮಾತ್ರ. ಮನೆಗೊಂದು ಭರಣಿ. ಮುಚ್ಚಳ ಬಿಚ್ಚಿದರೆ ಕತ್ತಲೆ ಸೋರಿಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ. ಕರಿ ಕುರಿಯ ಉಣ್ಣೆಯ ಕಂಬಳಿ ಹೊದ್ದು ಕೂತರೆ ಒಳಗೆ ಮಬ್ಬಾಗುತ್ತದೆ. ಆ ಮಬ್ಬಿನಲ್ಲಿ ಇಪ್ಪತ್ತು ಉಸಿರು ಎಳೆಯುವಷ್ಟು ಹೊತ್ತು ಭರಣಿ ತೆರೆದಿಟ್ಟರೆ ತಡೆಯುತ್ತದೆ. ಆ ಕಂಬಳಿಯೂ ಮನೆಗೊಂದೇ. ಒಬ್ಬರದನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಕಂಬಳಿಯಲ್ಲಿ ಮನೆಯವರ ನೋವು ಕೂತಿರುತ್ತದೆ, ಕಂಬಳಿ ಕೊಟ್ಟರೆ ನೋವನ್ನೂ ಕೊಟ್ಟಂತೆ ಎಂದು ನಮ್ಮ ಹೆಂಗಸರ ನಂಬಿಕೆ. ಮದುವೆಗೆ ಕೊಪ್ಪರಿಗೆ ಕೊಡುತ್ತಾರೆ, ಒಡವೆ ಕೊಡುತ್ತಾರೆ, ಕಂಬಳಿ ಕೊಡುವುದಿಲ್ಲ.

ಭರಣಿಯಲ್ಲಿ ನಾವು ಇಡುವುದು ಭಂಗಿ ಸೊಪ್ಪನ್ನು. ಊರ ಸುತ್ತ ಕಲ್ಲಿನ ಕಣಿ. ಅಲ್ಲಿ ಹತ್ತು ವರ್ಷ ಸುತ್ತಿಗೆ ಹಿಡಿದವರ ಮೂಳೆಯಲ್ಲಿ ಒಂದು ಉರಿ ಬಂದು ಕೂತುಬಿಡುತ್ತದೆ, ಅದಕ್ಕೆ ಬೇರೆ ಮದ್ದಿಲ್ಲ. ಸೊಪ್ಪನ್ನು ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಕಾಸಿ, ಸೋಸಿ, ಕಡಲೆಕಾಳಿನಷ್ಟು ನುಂಗಿದರೆ ಆ ಉರಿ ಎದ್ದು ಪಕ್ಕಕ್ಕೆ ಹೋಗಿ ಕೂರುತ್ತದೆ, ಮನುಷ್ಯನಿಗೆ ನಿದ್ದೆ ಬರುತ್ತದೆ. ಚಟಕ್ಕೆ ಚಿಲುಮೆ ಹಿಡಿಯುವವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಅವರನ್ನು ಅವರ ತಾಯಂದಿರು ವಿಚಾರಿಸಿಕೊಳ್ಳುತ್ತಾರೆ. ಬೆಳೆ ವರ್ಷಕ್ಕೊಂದು. ಅಷ್ಟು ಬೆಳಕಿಗೆ ಗಿಡ ಆಳೆತ್ತರ ಏಳುತ್ತದೆ, ಆದರೆ ಕೊಯ್ದ ಮೇಲೆ ಅದೇ ಬೆಳಕು ಅದಕ್ಕೆ ವಿಷ. ಎಂಟು ದಿನ ಹೊರಗಿಟ್ಟರೆ ಬರೀ ಹುಲ್ಲು, ಮೇಕೆಯೂ ಮೂಸುವುದಿಲ್ಲ.

ಇಡುವುದಕ್ಕೂ ಒಂದು ರೀತಿಯಿದೆ. ನಾನು ಇದನ್ನು ಯಾವ ಪುಸ್ತಕದಿಂದಲೂ ಕಲಿತವನಲ್ಲ, ಮನೆಮನೆಯ ಹೆಂಗಸರ ಬೈಗುಳದಿಂದ ಕಲಿತವನು. ಒಣಗಿದ ಕಡ್ಡಿ ಮುರಿದರೆ ಚಟ್ಟೆನ್ನಬೇಕು, ಆದರೆ ಎಲೆ ಬೆರಳಲ್ಲಿ ಪುಡಿಯಾಗಬಾರದು. ಭರಣಿಗೆ ಒತ್ತಿ ತುಂಬಬಾರದು, ಬಾಯಿಯಿಂದ ನಾಲ್ಕು ಬೆರಳು ಕೆಳಗೇ ನಿಲ್ಲಿಸಬೇಕು. ಮೊದಲ ಹದಿನೈದು ದಿನ ಕಂಬಳಿಯಡಿ ದಿನಕ್ಕೊಮ್ಮೆ ತೆರೆದು ಸೊಪ್ಪಿಗೆ ಉಸಿರಾಡಲು ಬಿಡಬೇಕು, ಇಲ್ಲದಿದ್ದರೆ ಬೆವರಿ ಬೂಸು ಹಿಡಿಯುತ್ತದೆ. ಒಲೆಯಿಂದ ದೂರ, ಮೆಣಸಿನಕಾಯಿ ಮಸಾಲೆಯಿಂದ ದೂರ, ಮಕ್ಕಳ ಕೈಯಿಂದ ಇನ್ನೂ ದೂರ, ತಂಪಾದ ಗೋಡೆಯ ಬುಡದಲ್ಲಿ ಕುತ್ತಿಗೆಯವರೆಗೆ ಮರಳಿನಲ್ಲಿ ಹೂಳಿಡಬೇಕು. ಆಮೇಲೆ ನನ್ನನ್ನು ಕರೆಯಬೇಕು. ಮುಚ್ಚಳದ ಸುತ್ತ ಬಟ್ಟೆ ಬಿಗಿದು ಜೇನುಮೇಣ ಹುಯ್ಯುವುದು ನನ್ನ ಕಸಬು. ತಿಂಗಳಿಗೊಮ್ಮೆ ಹೋಗಿ ಮೇಣ ಒಡೆಯುತ್ತೇನೆ, ಮನೆಯ ಹೆಂಗಸು ಕಂಬಳಿಯಡಿ ಭರಣಿಯನ್ನು ತೊಡೆಯ ನಡುವೆ ಇಟ್ಟುಕೊಂಡು ಕೈ ಹಾಕುತ್ತಾಳೆ. ಸೊಪ್ಪನ್ನು ಕಣ್ಣಿಂದ ನೋಡುವಂತಿಲ್ಲವಲ್ಲ, ಹಾಗಾಗಿ ಹೆಬ್ಬೆರಳು ತೋರುಬೆರಳಿನ ನಡುವೆ ಎರಡು ಸಲ ಉಜ್ಜಿ, ಒಮ್ಮೆ ಚಿವುಟಿ, ಮೂಸುತ್ತಾಳೆ. ಒಳಗಿನಿಂದ "ಐತಿ" ಎಂಬ ಮಾತು ಬಂದರೆ ತಿಂಗಳಿಗೆ ಬೇಕಾದಷ್ಟು ತೆಗೆದುಕೊಂಡು ಮುಚ್ಚುತ್ತಾಳೆ, ನಾನು ಹೊಸ ಮೇಣ ಹುಯ್ಯುತ್ತೇನೆ. ಅದರ ನಡುವೆ ಊರಿನ ಸುದ್ದಿಯೆಲ್ಲ ನನ್ನ ಕಿವಿಗೆ ಬಿದ್ದಿರುತ್ತದೆ. ಕಂಬಳಿಯಡಿ ಕೂತ ಹೆಂಗಸು ಸುಳ್ಳು ಹೇಳಿದ್ದನ್ನು ನಾನು ಇಪ್ಪತ್ತು ವರ್ಷದಲ್ಲಿ ಕೇಳಿಲ್ಲ.

ನನ್ನ ಮನೆಯ ಭರಣಿ ನನ್ನ ಅಕ್ಕ ಫಕೀರವ್ವನದು. ಹದಿನಾರು ವರ್ಷ ಕಣಿಯಲ್ಲಿ ಜಲ್ಲಿ ಒಡೆದವಳು. ಈಗ ಬೆನ್ನುಮೂಳೆಯ ಉರಿಗೆ ಗೋಡೆ ಹಿಡಿಯದೆ ನಿಲ್ಲಲಾರಳು. ಆದರೆ ನಾಲಿಗೆಗೆ ಏನೂ ಆಗಿಲ್ಲ. ನೋವು ಹೇಗಿದೆ ಎಂದು ಯಾರಾದರೂ ಕೇಳಿದರೆ, ಅದು ಆರಾಮಾಗಿ ಐತಿ, ನಂದ ಕೇಳ್ರಿ ಅನ್ನುತ್ತಾಳೆ. ರಾಚೋಟೆಪ್ಪ ಮುಚ್ಚಳ ತೆಗೆಸಲು ಹೊರಟಾಗ ಹೊಸ ಬೆಳೆ ಬರಲು ಇನ್ನೂ ನಾಲ್ಕು ತಿಂಗಳಿತ್ತು. ನಮ್ಮ ಭರಣಿಯಲ್ಲಿ ನಾಲ್ಕು ತಿಂಗಳಿಗೆ ಸರಿಯಾಗಿ ಆಗುವಷ್ಟು ಸೊಪ್ಪಿತ್ತು. ಒಂದು ಮುಷ್ಟಿಯೂ ಹೆಚ್ಚಿರಲಿಲ್ಲ. ಅದು ಕೆಟ್ಟರೆ ಅವಳು ನಾಲ್ಕು ತಿಂಗಳು ಹಲ್ಲು ಕಚ್ಚಿ ಬಿದ್ದಿರಬೇಕು. ಹಿಂದೊಮ್ಮೆ ಮೂರು ದಿನ ತುಪ್ಪ ತಪ್ಪಿದಾಗ ಅವಳು ಕಚ್ಚಿ ಕಚ್ಚಿ ತೂತು ಮಾಡಿದ ದಿಂಬು ಇನ್ನೂ ಮನೆಯಲ್ಲಿದೆ.

ಇನ್ನು ರಾಚೋಟೆಪ್ಪನ ವಿಷಯಕ್ಕೆ ಬರುತ್ತೇನೆ. ಅವನ ಮನೆಯಲ್ಲಿ ಕಣಿಗೆ ಹೋದವರು ಯಾರೂ ಇಲ್ಲ. ಆದರೂ ಬೀಗರು ಬಂದಾಗ ತೋರಿಸಲು ಭರಣಿ ಬೇಕು ಎಂದು, ಮಣ್ಣಿನದು ತನ್ನ ಅಂತಸ್ತಿಗೆ ಸಾಲದು ಎಂದು, ಅಜ್ಜಿಯ ಭರಣಿಯಲ್ಲಿದ್ದ ಸೊಪ್ಪನ್ನೂ ಕತ್ತಲೆಯನ್ನೂ ಕಂಬಳಿಯಡಿ ಹಿತ್ತಾಳೆಯ ಹಂಡೆಗೆ ಸುರುವಿಸಿದ. ಅದು ಹೋಗಲಿ. ಇಂಥ ದೊಡ್ಡ ವಸ್ತು ಮರಳಿನಲ್ಲಿ ಹೂತಿರುವುದು ಮರ್ಯಾದೆಯಲ್ಲ ಎಂದು ದೇವರ ಜಗುಲಿಯ ಮೇಲೆ, ಆರದ ನಂದಾದೀಪದ ಮಗ್ಗುಲಲ್ಲಿ ಇಡಿಸಿದ. ಅಯ್ಯೋ ಅಲ್ಲಿ ಬ್ಯಾಡ್ರಿ, ಕಾವಿಗೆ ಬೆವರತೈತಿ ಎಂದು ನಾನು ಹೇಳಿದೆ. ದೇವರ ಹತ್ತಿರ ಇಟ್ಟದ್ದು ಕೆಡುತ್ತದೆ ಎನ್ನುತ್ತೀಯಾ ಎಂದು ಅವನು ನನ್ನನ್ನೇ ಕೇಳಿದ. ನಾನು ಸುಮ್ಮನಾದೆ. ನನ್ನ ಸುಮ್ಮನಾಗುವ ಚಾಳಿ ಅಲ್ಲಿಂದಲೇ ಶುರುವಾಯಿತು ಎಂದು ಬರೆದುಕೊಳ್ಳಿ. ಎರಡು ತಿಂಗಳಿಗೆ ಹಂಡೆಯೊಳಗೆ ಬಿಳಿ ಬೂಸು ತುಂಬಿತು. ಬೀಗರಿಗೆ ಅದನ್ನೇ ಹಾಲಲ್ಲಿ ಅರೆದು ಕೊಟ್ಟರು. ಬೀಗರು ಮೂರು ದಿನ ಕೆಮ್ಮಿ, ವಾಂತಿ ಮಾಡಿ, ಸಂಬಂಧವನ್ನೇ ಮುರಿದುಕೊಂಡು ಹೋದರು.

ಮರುವಾರ ಕಮಿಟಿಯಿಂದ ಡಂಗುರ ಹೊಡೆಸಿದರು. ಊರಿನ ಜನರಿಗೆ ಸೊಪ್ಪು ಇಡುವ ಶಿಸ್ತಿಲ್ಲ, ಅದರಿಂದ ಊರಿನ ಹೆಸರು ಕೆಟ್ಟಿದೆ, ಆದ್ದರಿಂದ ಪ್ರತಿ ಮನೆಯ ಭರಣಿಯನ್ನೂ ಹೊರಗೆ ತಂದು, ಎಲ್ಲರೆದುರು ತೆರೆದು, ತಪಾಸಣೆ ಮಾಡಿ 'ತಾಜಾ' ಎಂದು ಠಸ್ಸೆ ಹೊಡೆಯಲಾಗುವುದು; ಮೇಣದ ಹುಚ್ಚೀರಪ್ಪ ಜೊತೆಗಿರತಕ್ಕದ್ದು. ಕಂಬಳಿಯಡಿ ತೆರೆಯುವುದಕ್ಕೆ ಪರವಾನಗಿ ಇಲ್ಲ, ಯಾಕೆಂದರೆ ಕಂಬಳಿಯಡಿ ನಡೆಯುವುದು ಕಮಿಟಿಗೆ ಕಾಣುವುದಿಲ್ಲ. ಕೆಟ್ಟದ್ದು ಊರಲ್ಲಿ ಒಂದೇ ಒಂದು ಮನೆಯ ಸೊಪ್ಪು, ಅದು ಚೇರ್ಮನ್‌ನದು ಎಂಬುದು ನಾಯಿಗಳಿಗೂ ಗೊತ್ತಿತ್ತು.

ಮೊದಲ ಮನೆ ಹಸೀನಾಬಿಯದು. ಗಂಡನ ಎರಡೂ ಮೊಣಕಾಲಿನ ಚಿಪ್ಪು ಕಲ್ಲಿನಡಿ ಹೋಗಿವೆ, ಆಕೆಯೇ ಅವನನ್ನು ಎತ್ತಿ ಕೂರಿಸುತ್ತಾಳೆ. ಭರಣಿಯನ್ನು ಕೂಸಿನಂತೆ ಅಪ್ಪಿಕೊಂಡು ಬಂದು ಕಟ್ಟೆಯ ಮೇಲಿಟ್ಟಳು. ರಾಚೋಟೆಪ್ಪ ಕುರ್ಚಿ ಹಾಕಿಸಿಕೊಂಡಿದ್ದ. ನಾನು ನನ್ನ ಚೂರಿಯಿಂದ ಮೇಣ ಒಡೆದೆ. ಕೈ ನಡುಗಿತು ಎಂದು ಹೇಳಿದರೆ ನೀವು ನನ್ನನ್ನು ಸ್ವಲ್ಪ ಕ್ಷಮಿಸುತ್ತೀರಿ, ಆದರೆ ನಡುಗಲಿಲ್ಲ. ಅಭ್ಯಾಸದ ಕೈ, ನೀಟಾಗಿ ಒಡೆಯಿತು. ಮುಚ್ಚಳ ಎತ್ತುತ್ತಿದ್ದಂತೆ ಒಳಗಿನಿಂದ ತಣ್ಣನೆಯದೊಂದು ಏನೋ ನನ್ನ ಮುಂಗೈ ಸವರಿಕೊಂಡು ಹೋಯಿತು. ಇಣುಕಿದವರಿಗೆ ಕಂಡದ್ದು ಭರಣಿಯ ತಳ, ಬೆಳ್ಳಗೆ, ಹೊರಗಿನಷ್ಟೇ ಬೆಳಕು, ಅದರಲ್ಲಿ ಹಸಿರು ಸೊಪ್ಪು. ಆಗಲೇ ಅವನು ಎಲ್ಲೈತಿ ಕತ್ತಲಿ ಎಂದು ಕೇಳಿದ್ದು. ಹಸೀನಾಬಿ ಹೇಳಿದಳು, "ನೀವು ನೋಡಾಕ ಹತ್ತೀರಿ ಅಂತಲೇ ಹೋತ್ರಿ ಸಾಹೇಬ್ರ." ಅದಕ್ಕೆ ಅವನು, ಇಲ್ಲದ್ದು ಹೋಯಿತು ಎಂದರೆ ನಾನು ಏನೆಂದು ಬರೆದುಕೊಳ್ಳಲಿ ಎಂದ. ಸೊಪ್ಪು ಹಸಿರಾಗಿದೆ ಎಂದು ಠಸ್ಸೆ ಹೊಡೆದ, ನೇರಳೆ ಬಣ್ಣದ್ದು. ಐದನೇ ದಿನಕ್ಕೆ ಆ ಸೊಪ್ಪು ಕಂದುಬಣ್ಣಕ್ಕೆ ತಿರುಗಿತು. ಭರಣಿಯ ಹೊಟ್ಟೆಯ ಮೇಲೆ ಮಾತ್ರ 'ತಾಜಾ' ಎಂದು ಹಾಗೇ ಇತ್ತು.

ನಾನು ಅಂದೇ ಚೂರಿ ಬಿಸಾಕಿ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಇಡೀ ಓಣಿ, ಆಮೇಲೆ ಮೇಲಿನ ಓಣಿ, ನಲವತ್ತು ಮನೆಯ ಮೇಣ ಒಡೆದೆ. ಮನೆಮನೆಯಲ್ಲೂ ನನ್ನ ಜೊತೆ ಹರಟೆ ಹೊಡೆಯುತ್ತಿದ್ದ ಹೆಂಗಸರು ಈಗ ಭರಣಿ ತಂದಿಟ್ಟು ನನ್ನ ಮುಖ ನೋಡದೆ ನಿಲ್ಲುತ್ತಿದ್ದರು. ಕಂಬಳಿ ನೇಯುವ ಗೋಣೆಪ್ಪಜ್ಜನಿಗೆ ಒಂದು ಕಾಲಿಲ್ಲ. ಇಲ್ಲದ ಕಾಲಿನ ಹಿಮ್ಮಡಿ ಅವನಿಗೆ ಉರಿಯುತ್ತದೆ. ಅವನ ಭರಣಿ ತೆರೆದಾಗ ಅವನು ನನಗೆ ಬೈಯಲಿಲ್ಲ. ನಿನ್ನ ಕೈ ಹಗುರ ಐತಿ ಹುಚ್ಚೀರಾ, ಮುಚ್ಚಳ ಮುಕ್ಕಾಗಲಿಲ್ಲ ನೋಡು ಎಂದಷ್ಟೇ ಹೇಳಿದ. ಹೊಡೆದಿದ್ದರೆ ಚೆನ್ನಾಗಿತ್ತು. ನಾನು ಯಾಕೆ ನಿಲ್ಲಿಸಲಿಲ್ಲ ಎಂದರೆ, ನಿಲ್ಲಿಸಿದರೆ ಮೊದಲು ನಮ್ಮ ಮನೆಗೆ ಬರುತ್ತಾರೆ ಎಂಬ ಹೆದರಿಕೆ. ಮುಂದೆ ಮುಂದೆ ತಳ್ಳಿದರೆ ನಮ್ಮದು ಕೊನೆಯದಾಗುತ್ತದೆ, ಅಷ್ಟರಲ್ಲಿ ಏನಾದರೂ ಆಗಬಹುದು ಎಂಬ ಆಸೆ. ಆದದ್ದೂ ಹಾಗೆಯೇ. ನಲವತ್ತನೆಯ ಮನೆ ಮುಗಿದ ಮೇಲೆ ರಾಚೋಟೆಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು, ನೀನು ನಮ್ಮವನು, ನಿನ್ನ ಮನೆಗೆ ಬಂದು ಏನು ನೋಡುವುದಿದೆ ಎಂದು, ಠಸ್ಸೆಯನ್ನೂ ಮಸಿಯನ್ನೂ ನನ್ನ ಕೈಗೇ ಕೊಟ್ಟ. ಇದನ್ನು ತೆಗೆದುಕೊಳ್ಳಬಾರದು ಎಂದು ನನಗೆ ಗೊತ್ತಿತ್ತು. ತೆಗೆದುಕೊಂಡೆ. ಅಕ್ಕ ಹಿತ್ತಲಲ್ಲಿ ಸ್ನಾನಕ್ಕೆ ಹೋದಾಗ, ಮರಳು ಸರಿಸಿ, ಮೇಣ ಒಡೆಯದೆಯೇ ಭರಣಿಯ ಕುತ್ತಿಗೆಗೆ 'ತಾಜಾ' ಎಂದು ಒತ್ತಿದೆ.

ಮಸಿಯ ವಾಸನೆ. ಇಪ್ಪತ್ತು ವರ್ಷ ಮೂಗಿನಿಂದಲೇ ಸೊಪ್ಪು ನೋಡಿದವಳಿಗೆ ಅದು ತಿಳಿಯದೇ ಇರುತ್ತದೆಯೇ. ಒದ್ದೆ ಕೂದಲಲ್ಲೇ ಗೋಡೆ ಹಿಡಿದು ಬಂದು ಭರಣಿಯ ಮುಂದೆ ಕೂತಳು. ಠಸ್ಸೆಯನ್ನು ಬೆರಳಿನಿಂದ ಸವರಿ, ಮೇಣವನ್ನು ಸವರಿ, ಯಾವಾಗ ಬಂದಿದ್ದರು ಎಂದು ಕೇಳಿದಳು. ಈಗ ತಾನೇ ಬಂದು ಹೋದರು ಎಂದೆ. ನಾನು ಹಿತ್ತಲಲ್ಲಿ ಇದ್ದೆ, ಹೊರಗಿನ ಬಾಗಿಲು ಕಿರ್ ಅನ್ನಲಿಲ್ಲ ಎಂದಳು.

"ನಲವತ್ತು ಮನಿದು ಒಡದಿ," ಎಂದಳು. "ಒಡೀಬ್ಯಾಡ ಅಂತ ನಾನೂ ಹೇಳಲಿಲ್ಲ. ಯಾಕ ಹೇಳಲಿಲ್ಲ ಗೊತ್ತೇನ? ನನ್ನ ಬೆನ್ನಿಗಿ ಹೆದರಿದೆ. ಆದರ ಹಸೀನಾನ ಗಂಡ ಒದರೂದು ಕೇಳಿಕೋತ ಈ ತುಪ್ಪ ನನ್ನ ಗಂಟಲಾಗ ಇಳಿಯೂದಿಲ್ಲ ತಮ್ಮಾ. ಇಳಿಯೂದಿಲ್ಲ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಿನಗಾಗಿಯೇ ಮಾಡಿದೆ, ನಿನ್ನ ದಿಂಬಿನ ತೂತು ನೋಡಲಾರದೆ ಮಾಡಿದೆ, ಊರಿನವರ ಕೈಯಲ್ಲಿ ನಾನು ಉಗುಳಿಸಿಕೊಂಡದ್ದು ಸಾಲದೆಂದು ಈಗ ನೀನೂ ಉಗುಳು ಎಂದು ಕೂಗಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ಕೂಗುವ ದನಿ ನಿನ್ನ ಹತ್ತಿರ ಇತ್ತಲ್ಲ, ಹಸೀನಾನ ಕಟ್ಟೆಯ ಮೇಲೆ ಅದನ್ನು ಎಲ್ಲಿ ಇಟ್ಟಿದ್ದೆ ಎಂದು ಕೇಳಿದಳು.

ನಿಲ್ಲಲಾರದವಳು ಭರಣಿಯನ್ನು ತಳ್ಳಿಕೊಂಡು, ಕುಂಡೆಯ ಮೇಲೆ ತೆವಳಿಕೊಂಡು ಹೊಸ್ತಿಲು ದಾಟಿದಳು. ನಾನು ಎತ್ತಲು ಹೋದರೆ ಕೈ ಸರಿಸಿದಳು. ಬೀದಿಯ ನಟ್ಟನಡುವೆ ಕೂತು ನಮ್ಮ ಕಂಬಳಿ ಹೊದ್ದು ಹಸೀನಾಬಿಯನ್ನು ಕೂಗಿದಳು, ನಿನ್ನ ಕಂಬಳಿ ತಗೊಂಡು ಬಾ ಎಂದು. ಆಕೆ ಕಂಬಳಿ ತಂದು ದೂರವೇ ನಿಂತಳು. ನನ್ನ ಮೇಲೆ ಹಾಕು ಎಂದಳು ಅಕ್ಕ. ಓಣಿಯವರೆಲ್ಲ ಬಾಗಿಲಿಗೆ ಬಂದಿದ್ದರು. ಹಸೀನಾಬಿ, ನೋವು ಅಂಟುತ್ತದೆ ಅಕ್ಕಾ ಎಂದಳು, ಆ ಮಾತು ಎಲ್ಲರಿಗೂ ಕೇಳಿಸಿತು. ಒಳಗಿನಿಂದ ಅಕ್ಕ ಹೇಳಿದ್ದೂ ಕೇಳಿಸಿತು: "ಅಂಟಲಿ. ನಂದು ನಿನಗ ಹೊಸಾದೇನ, ನಿಂದು ನನಗ ಹೊಸಾದೇನ. ಹಾಕವ್ವಾ."

ಹಸೀನಾಬಿ ಹಾಕಿದಳು. ಆಮೇಲೆ ಮುಂದಿನ ಮನೆಯವಳು ಹಾಕಿದಳು. ಗೋಣೆಪ್ಪಜ್ಜ ಕುಂಟಿಕೊಂಡು ಬಂದು ತನ್ನದನ್ನು ಹಾಕಿ, ಮಗ್ಗದ ಮೇಲಿನ ಅರ್ಧ ನೇಯ್ದದ್ದನ್ನೂ ಕತ್ತರಿಸಿ ತರಿಸಿದ. ನೊಗ, ಏಣಿ, ಮಂಚದ ಕಾಲು, ಏನು ಸಿಕ್ಕಿತೋ ಅದನ್ನು ಆನಿಸಿ ಒಳಗೆ ಜಾಗ ಮಾಡಿದರು. ಕಂಬಳಿಯ ಮೇಲೆ ಕಂಬಳಿ ಬಿದ್ದು ಬೀದಿಯಲ್ಲಿ ಒಂದು ಕರಿ ದಿಬ್ಬ ಎದ್ದಿತು. ಎಷ್ಟನೆಯದು ಬಿದ್ದಾಗ ಕತ್ತಲಾಯಿತೋ ಗೊತ್ತಿಲ್ಲ, ಒಳಗೆ ಹೋದ ಹೆಂಗಸರ ಮಾತು ಒಮ್ಮೆಲೇ ನಿಂತಿತು. ಯಾರೋ, ನನ್ನ ಕೈ ನನಗ ಕಾಣವಲ್ದು ಎಂದಳು. ಇನ್ನೊಬ್ಬಳು ನಕ್ಕಳು. ಆಮೇಲೆ ಭರಣಿಗಳು ಒಂದೊಂದಾಗಿ ಒಳಗೆ ಹೋದವು, ಪೂರ್ತಿ ಕೆಟ್ಟವು, ಅರ್ಧ ಕೆಟ್ಟವು, ಎಲ್ಲವೂ. ಅಕ್ಕ ನಮ್ಮ ಭರಣಿಯ ಮೇಣವನ್ನು ಒಳಗೇ ಒಡೆಸಿ, ಸೊಪ್ಪನ್ನು ಮುಷ್ಟಿ ಮುಷ್ಟಿಯಾಗಿ ಹಂಚಿದಳಂತೆ. ಬೂಸು ಹತ್ತಿದ್ದನ್ನು ಮೂಗಿನಿಂದಲೇ ಬೇರೆ ಮಾಡಿ ಹೊರಗೆ ಎಸೆದರು. ಉಳಿದದ್ದು ಆ ಕತ್ತಲಲ್ಲಿ ಅಲ್ಲಿಗೇ ನಿಂತಿತು, ಮುಂದಕ್ಕೆ ಕೆಡಲಿಲ್ಲ. ಎಲ್ಲರೂ ಅರ್ಧ ಕಡಲೆಕಾಳಿನಷ್ಟು ನುಂಗಿದರೆ ಹೊಸ ಬೆಳೆಯವರೆಗೆ ತಳ್ಳಬಹುದು ಎಂದು ಹಸೀನಾಬಿ ಅಂದಾಜು ಹೇಳಿದಳು. ಅರ್ಧ ನೋವು ಎಲ್ಲರಿಗೂ ಇರುತ್ತದೆ. ಅಕ್ಕನಿಗೂ ಇರುತ್ತದೆ.

ನಾನು ಒಳಗೆ ಹೋಗಲು ಬಗ್ಗಿದೆ. "ನೀ ಹೊರಗ ಕೂಡು," ಎಂದಳು ಅಕ್ಕ ಒಳಗಿನಿಂದ. "ನೀ ಒಡದಾಂವ. ಅಂವಾ ಬರತಾನ, ಕಂಬಳಿ ಸೆರಗು ಹಿಡಕೊಂಡು ಕೂಡು." ಕಂಬಳಿಗಳ ಅಂಚನ್ನು ನೆಲಕ್ಕೆ ಒತ್ತಿ ಅದರ ಮೇಲೆ ಕೂತೆ.

ರಾಚೋಟೆಪ್ಪ ಬಂದ. ಬೀದಿಗೆ ಅಡ್ಡ ಏನಿದು, ಯಾರ ಪರವಾನಗಿ, ಒಳಗೆ ಎಷ್ಟು ಜನ ಎಂದೆಲ್ಲ ಕೇಳಿದ. ಕೊನೆಗೆ ನನ್ನ ಕಡೆ ತಿರುಗಿ ಕಂಬಳಿ ಎತ್ತು ಹುಚ್ಚೀರಾ, ನಾನು ನೋಡಬೇಕು ಎಂದ. ಎತ್ತುವುದಿಲ್ಲ ಎಂದೆ. ಆ ಮಾತು ಎಷ್ಟು ಸಣ್ಣದು ಎಂದು ನನಗೆ ಆಗಲೇ ಗೊತ್ತಾದದ್ದು. ನಲವತ್ತು ಮನೆಯ ಮುಂದೆ ಅದು ನನ್ನ ಬಾಯಿಂದ ಬರದೇ ಹೋದದ್ದು ನೆನೆದು, ಅವನನ್ನು ಅಲ್ಲೇ ಕೆಡವಿ ಆ ನೇರಳೆ ಠಸ್ಸೆಯನ್ನು ಅವನ ಹಣೆಗೆ ಒತ್ತಿಬಿಡಬೇಕು ಅನ್ನಿಸಿತು. ಆದರೆ ಎದ್ದರೆ ಅಂಚು ಬಿಡುತ್ತದೆ. ಕೂತಲ್ಲಿಂದಲೇ ಹೇಳಿದೆ: "ಅದು ಹೊರಗ ನಿಂತು ನೋಡೂದಲ್ರಿ. ಕೈ ಹಾಕಿ ನೋಡ್ರಿ."

ಎಲ್ಲರೂ ನೋಡುತ್ತಿದ್ದರು, ಹಿಂದೆ ಸರಿಯುವಂತಿರಲಿಲ್ಲ. ಬಗ್ಗಿ, ಎರಡು ಕಂಬಳಿಗಳ ನಡುವಿನ ಸಂದಿಯಲ್ಲಿ ಮೊಣಕೈವರೆಗೆ ಕೈ ತೂರಿಸಿದ. ತನ್ನ ಕೈ ತನಗೆ ಕಾಣದೇ ಹೋದದ್ದು ಅವನ ಜನ್ಮದಲ್ಲೇ ಮೊದಲು. ಹಾವು ಕಡಿದವನಂತೆ ಹೊರಗೆಳೆದುಕೊಂಡು, ಎಲ್ಲರೆದುರೇ ಬೆರಳು ಐದೂ ಇವೆಯೇ ಎಂದು ಒಂದೊಂದಾಗಿ ಮುಟ್ಟಿ ನೋಡಿದ. ಗೋಣೆಪ್ಪಜ್ಜ, ಇದ್ದದ್ದು ಹೋತೇನ್ರಿ ಸಾಹೇಬ್ರ ಎಂದು ಬಹಳ ವಿನಯದಿಂದ ಕೇಳಿದ. ರಾಚೋಟೆಪ್ಪ ಕಣಿಯ ಆಳುಗಳನ್ನು ಕರೆತಂದು ಇದನ್ನೆಲ್ಲ ಕೀಳಿಸುತ್ತೇನೆ ಎಂದು ಹೇಳಿ ಹೋದ.

ಇಂದಿಗೆ ಹನ್ನೊಂದು ದಿನ. ಅಕ್ಕ ಒಳಗೇ ಇದ್ದಾಳೆ, ಉಳಿದ ಹೆಂಗಸರು ಪಾಳಿಯಲ್ಲಿ ಬಂದು ಭರಣಿ ಕಾಯುತ್ತಾರೆ. ಆಳುಗಳು ಒಮ್ಮೆ ಬಂದರು, ತಮ್ಮ ತಮ್ಮ ತಾಯಂದಿರ ಕೆಮ್ಮು ಒಳಗಿನಿಂದ ಕೇಳಿ ತಿರುಗಿ ಹೋದರು. ಇವತ್ತು ರಾಚೋಟೆಪ್ಪ ಬೇರೆ ಊರಿನವರನ್ನು ತರುತ್ತಾನಂತೆ. ನನಗೆ ಊಟ ನಲವತ್ತು ಮನೆಯಿಂದಲೂ ಸರದಿಯಲ್ಲಿ ಬರುತ್ತದೆ. ಇಟ್ಟು ಹೋಗುತ್ತಾರೆ, ಮಾತಾಡಿಸುವುದಿಲ್ಲ. ಸಾರಿಗೆ ಉಪ್ಪು ಬೇಕೆಂದೇ ಹೆಚ್ಚು ಹಾಕುತ್ತಾರೆ ಎಂದು ನನ್ನ ಅನುಮಾನ. ಉಣ್ಣುತ್ತೇನೆ. ಒಳಗೆ ಅಕ್ಕ ಅರ್ಧ ನೋವಿನಲ್ಲಿ ನರಳುವುದು ಕೇಳಿಸುತ್ತದೆ, ನಡುನಡುವೆ ಯಾರಿಗೋ ತಮಾಷೆ ಮಾಡುವುದೂ ಕೇಳಿಸುತ್ತದೆ. ನನ್ನ ಸಿಟ್ಟು ಇಳಿದಿಲ್ಲ. ಇಳಿಯುವುದು ನನಗೆ ಬೇಕಾಗಿಯೂ ಇಲ್ಲ.

ಇವತ್ತು ಊಟದ ನಂತರ ಕಂಬಳಿಯ ಅಂಚಿನಡಿಯಿಂದ ಒಂದು ಕೈ ಹೊರಗೆ ಬಂತು. ಬೆಳಕಿಗೆ ಒಮ್ಮೆ ಬೆಚ್ಚಿತು, ಆಮೇಲೆ ನೆಲ ತಡವಿ, ನನ್ನ ಪಾದ ಹುಡುಕಿ, ಹೆಬ್ಬೆರಳನ್ನು ಹಿಡಿದು ಎರಡು ಸಲ ಉಜ್ಜಿತು. ಒಮ್ಮೆ ಚಿವುಟಿತು, ಜೋರಾಗಿಯೇ.

"ಕುಂತೀಯಾ?" ಎಂದಳು ಅಕ್ಕ.

"ಕುಂತೀನಿ."

"ಏಳಬ್ಯಾಡ."

ಕೈ ಒಳಗೆ ಹೋಯಿತು. ಬೀದಿಯ ಆ ತುದಿಯಲ್ಲಿ ಯಾರೋ ಬರುವ ಧೂಳು ಕಾಣುತ್ತಿದೆ. ನಾನು ಎದ್ದಿಲ್ಲ.